ನಲವತ್ತು ಹೆಜ್ಜೆ ಸರಿದ ಊರು

ಬಳಗಾನೂರಿನ ನರಸಣ್ಣ ತನ್ನ ಕೆಂಪು ಟವೆಲನ್ನು ಒಮ್ಮೆ ಬೀಸಿದ್ದಕ್ಕೆ ವಿಮಾನವೊಂದು ನಡು ಆಕಾಶದಲ್ಲಿ ಗಕ್ಕನೆ ನಿಂತಿತ್ತು. ಪೈಲಟ್ ಕಿಟಕಿಯಿಂದ ಕತ್ತು ಹೊರಹಾಕಿ, “ಏನೋ ನರಸಣ್ಣ, ಆರಾಮಾ?” ಎಂದು ಕೇಳಿದ್ದ. ಇವನು ಎಸೆದ ಸಜ್ಜೆ ರೊಟ್ಟಿಯನ್ನು ಮೇಲೆಯೇ ಹಿಡಿದು, ನಂಚಿಕೊಳ್ಳಲು ಶೇಂಗಾ ಹಿಂಡಿ ಸಾಲದೆಂದು ಗೊಣಗಿ ಮುಂದೆ ಹೋಗಿದ್ದ. ಇದನ್ನು ಹೇಳುವಾಗ ನರಸಣ್ಣನ ರೆಪ್ಪೆ ಕೂಡ ಅಲುಗುತ್ತಿರಲಿಲ್ಲ.

ವಿಮಾನ ಬಂದದ್ದು ಮಾತ್ರ ನಿಜ. ಆರು ಇಲಾಖೆಗಳು ಖರ್ಚು ಹಂಚಿಕೊಂಡು ಇಡೀ ರಾಜ್ಯದ ಫೋಟೋವನ್ನು ಮೇಲಿನಿಂದ ತೆಗೆಸಿದ್ದವು. ಅದನ್ನು ಹಳೆಯ ನಕ್ಷೆಯ ಮೇಲೆ ಕೂರಿಸಿದಾಗ, ನರಸಣ್ಣನ ಪಕ್ಕದ ಮನೆಯ ತಿಮ್ಮವ್ವನ ಮನೆ ಕಾಲುವೆಯ ಜಾಗದಲ್ಲಿ ಕಂಡಿತು. ಹದಿನೈದು ದಿನದಲ್ಲಿ ಮನೆ ಖಾಲಿ ಮಾಡಬೇಕೆಂದು ಬಾಗಿಲಿಗೆ ನೋಟಿಸು ಅಂಟಿತು.

ತಿಮ್ಮವ್ವನ ಸಿಟ್ಟಿಗೆ ಕಾಲುವೆಯ ನೀರು ಕುದ್ದು ಮೀನುಗಳು ಬೆಂದು ತೇಲಿದವು ಎಂದು ನರಸಣ್ಣ ಊರೆಲ್ಲ ಹೇಳಿದ. ಅವಳಿಗಿಂತ ಜೋರಾಗಿ ತಾನೇ ಕೂಗಾಡುತ್ತ, ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ.

ಮಸ್ಕಿಯ ಕಚೇರಿಯವರು, “ಫೋಟೋ ನಮ್ಮೊಬ್ಬರದಲ್ಲ, ಸಿಂಧನೂರಿಗೆ ಹೋಗ್ರಿ” ಎಂದರು. ಸಿಂಧನೂರಿನವರು ಕುರ್ಚಿ ಬಿಟ್ಟೇಳಲಿಲ್ಲ. “ನಾವು ನಮ್ಮ ಪಾಲಿನ ರೊಕ್ಕ ಕೊಟ್ಟೀವಿ, ಅಷ್ಟ. ತಪ್ಪಿದ್ರ ಲಿಂಗಸುಗೂರಾಗ ಕೇಳ್ರಿ.”

ತಿಮ್ಮವ್ವ ಮೇಜು ಗುದ್ದಿದಳು. “ಖರ್ಚು ಹಂಚಿಕೊಂಡ್ರಿ, ಹಂಗ ನನ್ನ ಮನೀನೂ ಹಂಚಿಕೊಳ್ರಿ! ಬಾಗ್ಲ ಒಬ್ಬರು ಒಯ್ರಿ, ಒಲಿ ಒಬ್ಬರು ಒಯ್ರಿ. ತಪ್ಪು ಹೊರಾಕ ಮಾತ್ರ ಯಾರೂ ಇಲ್ಲೇನು?”

“ಹಂಗ ಕೇಳಬೇ ಯವ್ವಾ!” ಎಂದು ನರಸಣ್ಣ ಗುಡುಗಿದ. ಆ ಗುಡುಗಿಗೆ ಆಂಧ್ರದವರೆಗೂ ಮಳೆ ಬಿತ್ತೆಂದು ಆಮೇಲೆ ಚಹಾದಂಗಡಿಯಲ್ಲಿ ಹೇಳಿದ.

ಲಿಂಗಸುಗೂರಿನಲ್ಲಿ ಸರ್ವೇಯರ್ ಶಿವಕುಮಾರಿ ಮಾತ್ರ ಕಂಪ್ಯೂಟರನ್ನು ಇವರ ಕಡೆ ತಿರುಗಿಸಿದಳು.

“ಅಮ್ಮಾ, ವಿಮಾನ ಬರೋಕಿಂತ ಮೊದಲ ಊರಾಗ ಒಂದು ಕಡೆ ನೆಲದ ಮ್ಯಾಲೆ ಸುಣ್ಣದ್ದು ದೊಡ್ಡ ಪ್ಲಸ್ ಗುರ್ತು ಹಾಕಿರ್ತೀವಿ. ಆ ಜಾಗ ಅಳದು ನಕ್ಷೆದಾಗೂ ಬರಕೊಂಡಿರ್ತೀವಿ; ಎರಡೂ ಗುರ್ತು ಕೂಡೋಹಂಗ ಫೋಟೋ ನಕ್ಷೆ ಮ್ಯಾಲೆ ಕೂಡಿಸ್ತೀವಿ. ನಿಮ್ಮೂರಾಗ ಇಲ್ಲಿ ಐತಿ ನೋಡ್ರಿ.”

“ಅದು ನನ್ನ ಹಿತ್ತಲ!” ಎಂದಳು ತಿಮ್ಮವ್ವ. “ಗುರ್ತು ಹಾಕಿದ್ದು ನರಸಣ್ಣನ ಕಣದಾಗಲ್ಲೇನು? ನಾನ ಕೊಡದಾಗ ನೀರು ಕೊಟ್ಟಿದ್ನೆಲ್ಲ ಸುಣ್ಣ ಕಲಸಾಕ.”

ನರಸಣ್ಣ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಆದರೆ ಪರದೆಯಲ್ಲಿ, ಆ ಬಿಳಿ ಗುರುತಿನ ಪಕ್ಕದಲ್ಲೇ, ಕೆಂಪು ಚುಕ್ಕೆಯೊಂದು ಕಾಣುತ್ತಿತ್ತು. ಅವನ ಬಾಯಿ ಅವನ ಮಾತು ಕೇಳಿದ್ದು ಯಾವತ್ತು?

“ಅಗೋ, ನಾನ! ನನ್ನ ಟವೆಲು! ಹೇಳಿದ್ದಿಲ್ಲೇನು, ವಿಮಾನ ನನ್ನ ನೋಡಿತ್ತು ಅಂತ!”

ಶಿವಕುಮಾರಿ ಚಿತ್ರವನ್ನು ಹಿಗ್ಗಿಸಿದಳು. ಕೆಂಪು ಚುಕ್ಕೆಯಿಂದ ಅವನ ಕಣದವರೆಗೆ ಬಿಳಿ ಹನಿಗಳ ಸಾಲು. ತೂತು ಬಿದ್ದ ಬುಟ್ಟಿಯಿಂದ ಸುಣ್ಣ ಸೋರಿತ್ತು. ಕಣದಲ್ಲಿ ಗುಡಿಸಿ ಅಳಿಸಿದ ಗುರುತು ಇನ್ನೂ ಮಸುಕಾಗಿ ಉಳಿದಿತ್ತು.

“ನಲವತ್ತು ಹೆಜ್ಜಿ ಸರಿಸ್ಯಾರ” ಎಂದಳು ಶಿವಕುಮಾರಿ. “ಅದಕ್ಕ ಇಡೀ ಊರು ನಲವತ್ತು ಹೆಜ್ಜಿ ಕಾಲುವಿ ಕಡೆ ಸರದೈತಿ.”

ತಿಮ್ಮವ್ವ ನಿಧಾನಕ್ಕೆ ತಿರುಗಿದಳು. “ಲೇ ನರಸ್ಯಾ.”

“ಯವ್ವಾ, ಗುರ್ತು ಬಿದ್ದ ಜಾಗ ಸರಕಾರ ತಗೊಂತೈತಿ ಅಂದ್ಕೊಂಡೆ.”

“ಅದಕ್ಕ ನಾ ಊರಾಗಿಲ್ಲದಾಗ ನನ್ನ ಹಿತ್ತಲಾಗ ಬರದ್ಯೇನು? ಮೂರು ಊರು ನನ್ನ ಜೋಡಿ ತಿರುಗಿ ಬೊಬ್ಬಿ ಹೊಡದ್ಯಲ್ಲೋ, ನಾಚ್ಕಿಗೇಡಿ!”

ಅವಳು ಶಿವಕುಮಾರಿಯನ್ನೂ ಬಿಡಲಿಲ್ಲ. “ಇವ ಸುಳ್ಳ. ನೀವು? ಒಮ್ಮೆ ಊರಿಗೆ ಬಂದು ನೋಡದ ನೋಟಿಸ್ ಅಂಟಿಸಿದ್ರಿ. ಅದನ್ನ ಆರು ಮಂದ್ಯಾಗ ಯಾರು ಬರದು ಕೊಡ್ತೀರಿ?”

ಶಿವಕುಮಾರಿ ತಲೆ ತಗ್ಗಿಸಿದಳು. “ಇವರು ನಡದದ್ದು ಬರದು ಕೊಟ್ರ ನೋಟಿಸ್ ನಿಲ್ಲಸಾಕ ಇವತ್ತ ಕಳಸ್ತೀನಿ. ನಾಳೆ ನಾನ ಬಂದು ಅಳೀತೀನಿ” ಎಂದು ಬಿಳಿ ಹಾಳೆಯನ್ನು ಮುಂದಿಟ್ಟಳು.

“ಬರಿ” ಎಂದಳು ತಿಮ್ಮವ್ವ. “ನೀ ಹೇಳಿದಂಗಲ್ಲ. ಆದಂಗ ಬರಿ.”

ನರಸಣ್ಣ ಪೆನ್ನು ಹಿಡಿದ. ನಾನೂರು ಹೆಜ್ಜೆ ಎಂದು ಬರೆಯಲು ಕೈ ತುಡಿಯಿತು. ನಲವತ್ತು ಎಂದೇ ಬರೆದ. ಸುಣ್ಣದ ಬುಟ್ಟಿ ನನ್ನದು, ಗುರುತು ಅಳಿಸಿದವನೂ ಬರೆದವನೂ ನಾನೇ ಎಂದು ಬರೆದ. ಸಹಿ ಹಾಕುವ ಮೊದಲು ತಿಮ್ಮವ್ವನ ಮುಖ ನೋಡಿ, ಕೆಳಗೆ ಇನ್ನೊಂದು ಸಾಲು ಸೇರಿಸಿದ: ವಿಮಾನ ನಿಂತಿರಲಿಲ್ಲ.