ಅತ್ತೆ ಕಲ್ಲು

ತಿರುವು ದಾಟಿ, ಸೈಕಲ್ಲಿನ ಮುಂದಿನ ಚಕ್ರ ಎತ್ತಲು ತೋಳು ಬಿಗಿಮಾಡಿದವಳಿಗೆ ಎತ್ತಿ ದಾಟಿಸುವುದಕ್ಕೆ ಏನೂ ಇಲ್ಲದಂತಾಯಿತು. ಕಲ್ಲು ಅಲ್ಲಿರಲಿಲ್ಲ. ಅದಿದ್ದ ಜಾಗಕ್ಕೆ ಹಸಿ ಮಣ್ಣು ಎಳೆದು ಕಾಲಿನಿಂದ ತಟ್ಟಿದ್ದರು. ಬೂಟಿನ ಅಚ್ಚು ಇನ್ನೂ ಹಾಗೇ ಇತ್ತು. ಸುಮ್ಮನೆ ಪೆಡಲ್ ತುಳಿದಿದ್ದರೆ ಸೈಕಲ್ಲು ತಾನಾಗಿ ಮುಂದೆ ಹೋಗುತ್ತಿತ್ತು. ಅವಳು ಬ್ರೇಕ್ ಹಿಡಿದು, ಬೇಕೆಂದೇ, ಎಡಗಾಲನ್ನು ಆ ಮಣ್ಣಿನ ಮೇಲೆ ಊರಿದಳು.

ಆ ಜಾಡಿನಲ್ಲಿ ಕಾಲೂರುವುದೆಂದರೆ ಸಣ್ಣ ವಿಷಯವಲ್ಲ. ಗುಡ್ಡದ ಬುಡದ ಕಬ್ಬಿಣದ ಗೇಟಿನಿಂದ ತುದಿಯ ನೀರಿನ ಟ್ಯಾಂಕಿನವರೆಗೆ ಅದು ಮರಗಳ ನಡುವೆ ಸುತ್ತಿ ಸುತ್ತಿ ಏರುತ್ತದೆ, ಒಂದು ಸೈಕಲ್ಲಿಗೆ ಮಾತ್ರ ಸಾಲುವಷ್ಟು ಅಗಲ. ಗೇಟು ಬಿಟ್ಟವರು ಟ್ಯಾಂಕಿನವರೆಗೆ ನೆಲಕ್ಕೆ ಕಾಲು ತಾಗಿಸಬಾರದು. ತಾಗಿತೋ, ಮರುಮಾತಿಲ್ಲದೆ ವಾಪಸ್ ಗೇಟಿಗೆ. ಈ ಕಾನೂನು ಮಾಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ, ಮುರಿದವರಂತೂ ಇಲ್ಲ. ಬೇರು, ಜಲ್ಲಿ, ಕಡಿದಾದ ತಿರುವು ಎಲ್ಲವನ್ನೂ ಗೆದ್ದು ಬಂದವರನ್ನು ಕೊನೆಗೆ ಗೇಣೆತ್ತರದ ಈ ಒಂದು ಕಲ್ಲು ಕೆಳಗಿಳಿಸುತ್ತಿತ್ತು. ಹೇಗೆ ಬಂದರೂ ಕೊಂಕು ತೆಗೆಯುತ್ತದೆಂದು ಸವಾರರು ಅದಕ್ಕೆ ಅತ್ತೆ ಕಲ್ಲು ಎಂದು ಹೆಸರಿಟ್ಟಿದ್ದರು. ಇಷ್ಟು ವರ್ಷಗಳಲ್ಲಿ ಅದನ್ನು ದಾಟಿದವರು ಆರೇ ಜನ.

ಏಳನೆಯವಳು ತಾನಾಗಬೇಕೆಂದು ಅವಳು ಎರಡು ವರ್ಷದಿಂದ ಹಟ ಹಿಡಿದಿದ್ದಳು. ವಯಸ್ಸು ಐವತ್ತಮೂರು. ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ, ಹಾಗಾಗಿ ಜಾಡಿನವರಿಗೆಲ್ಲ ಸೂಜಿ ಅಕ್ಕ. ಮಗಳು ಮದುವೆಯಾಗಿ ಹೋದ ಮೇಲೆ ತುಕ್ಕು ಹಿಡಿಯುತ್ತಿದ್ದ ಅವಳ ಸೈಕಲ್ಲನ್ನು ಮಾರಲು ಮನಸ್ಸಾಗದೆ ತಾನೇ ಹತ್ತಿದ್ದಳು. ಹತ್ತಿದವಳು ಇಳಿಯಲಿಲ್ಲ. ಹೋದ ಗುರುವಾರ ಹಿಂದಿನ ಚಕ್ರವೂ ಅರ್ಧ ಕಲ್ಲು ಏರಿ ಜಾರಿತ್ತು. ಇನ್ನೊಂದು ವಾರ, ಹೆಚ್ಚೆಂದರೆ ಎರಡು ಎಂದು ಅವತ್ತು ಲ್ಯಾಬಿನಲ್ಲಿ ದಿನವಿಡೀ ಒಳಗೊಳಗೇ ನಗುತ್ತಿದ್ದಳು.

"ಹೇಗಿದೆ ಅಕ್ಕ? ಈಗ ಸಲೀಸಾಯ್ತಲ್ಲ?" ಮೇಲಿನಿಂದ ಡ್ರಾಯಿಂಗ್ ಮೇಷ್ಟ್ರು ಇಳಿದು ಬಂದ. ಭಾನುವಾರದ ಸವಾರರಿಗೆಲ್ಲ ಅವನೇ ಮುಂದಾಳು, ಆ ಆರು ಜನರಲ್ಲಿ ಒಬ್ಬ. ಕೈಯೆಲ್ಲ ಮಣ್ಣು, ಮುಖದ ತುಂಬ ಉಪಕಾರ ಮಾಡಿದ ಖುಷಿ.

"ಯಾರು ಕಿತ್ತಿದ್ದು?"

"ನಾವೇ ನಾಲ್ಕು ಜನ. ನಿಮ್ಮನ್ನ ನೋಡಿ ಪಾಪ ಅನ್ನಿಸ್ತಿತ್ತು. ಈ ವಯಸ್ಸಲ್ಲಿ ಬಿದ್ದು ಗಿದ್ದು ಮೂಳೆ ಮುರ್ಕೊಂಡ್ರೆ..."

"ನೀವು ದಾಟಿ ಆದ್ಮೇಲೆ ಕಿತ್ತು ಹಾಕಿದ್ರಿ," ಎಂದಳು ಅವಳು. "ಇನ್ನು ನಾನು ಏನನ್ನ ದಾಟ್ಲಿ ಮೇಷ್ಟ್ರೇ?"

ಮೇಷ್ಟ್ರ ಮುಖ ಇಳಿಯಿತು. ಕಲ್ಲು ಹತ್ತು ಹೆಜ್ಜೆ ಕೆಳಗೆ ಒಂದು ಮೋಟುಮರಕ್ಕೆ ಒರಗಿ ಬಿದ್ದಿತ್ತು. ಪೆಡಲು ತಾಗಿ ತಾಗಿ ಬಿದ್ದ ಗೀರುಗಳು ಅದರ ಎದೆಯ ಮೇಲಿದ್ದವು, ಅರ್ಧಕ್ಕರ್ಧ ಅವಳವೇ. ಅವಳಿಗೆ ಅಳು ಬಂತು. ಒಂದು ಕಲ್ಲಿಗೆ ಅಳುವುದೇ ಎಂದು ನಾಚಿಕೆಯೂ ಆಯಿತು.

ಮನೆಗೆ ಬಂದಾಗ ಗಂಡ ಮೆಟ್ಟಿಲ ಹತ್ತಿರ ಕೆಳಮನೆಯ ರಿಟೈರ್ಡ್ ಪೋಸ್ಟ್‌ಮಾಸ್ಟರ್ ಜೊತೆ ಮಾತಾಡುತ್ತಿದ್ದ. "ಇಷ್ಟೊತ್ತಿಗೇ ಎಲ್ಲಿಗೋ ಹೋಗಿದ್ರಲ್ಲ ಇವರು?" ಎಂದು ಅವರು ಕೇಳಿದ್ದು, "ವಾಕಿಂಗು ಸಾರ್" ಎಂದು ಗಂಡ ಹೇಳಿದ್ದು ಹಿಂದಿನ ಓಣಿಯಿಂದ ಸೈಕಲ್ಲನ್ನು ಹಿತ್ತಲಿಗೆ ತಳ್ಳುತ್ತಿದ್ದವಳ ಕಿವಿಗೆ ಬಿತ್ತು. ಎರಡು ವರ್ಷದಿಂದ ಇದೇ ವಾಕಿಂಗು. ಹೆಂಡತಿ ಗುಡ್ಡ ಹತ್ತಿ ಮೊಣಕಾಲು ತರಚಿಕೊಂಡು ಬರುತ್ತಾಳೆ ಅಂತ ನಾಲ್ಕು ಜನರ ಮುಂದೆ ಹೇಗೆ ಹೇಳುವುದು ಎಂಬುದು ಅವನ ಕಷ್ಟ. ಅವಳೂ ನುಂಗಿಕೊಂಡು ಬಂದಿದ್ದಳು. ಅವತ್ತು ಮಾತ್ರ ಟೀ ಕುಡಿಯುತ್ತಾ ಎಲ್ಲವನ್ನೂ ಹೇಳಿಬಿಟ್ಟಳು.

ಸಮಾಧಾನದ ಮಾತು ಅವನಿಗೆ ಬರುವುದಿಲ್ಲ. ನಲವತ್ತು ವರ್ಷ ಮನೆ ಮನೆಗೆ ನೆಲದ ಟೈಲ್ಸು ಕೂರಿಸಿ ಮಂಡಿ ಸವೆಸಿಕೊಂಡವನು. ಲೋಟ ಕೆಳಗಿಟ್ಟು ಕೇಳಿದ್ದು ಇಷ್ಟೇ: "ಕಿತ್ತ ಗುಂಡಿಗೆ ಏನು ತುಂಬಿದಾರೆ?"

"ಬರೀ ಮಣ್ಣು ಎಳೆದಿದಾರೆ."

"ಜಲ್ಲಿ ಇಲ್ಲ, ಕುಟ್ಟಿಲ್ಲ?" ಅವನ ಹುಬ್ಬು ಗಂಟಿಕ್ಕಿತು. "ಒಂದು ಮಳೆ ಬಂದ್ರೆ ದಾರೀನೇ ಕೊಚ್ಕೊಂಡು ಹೋಗುತ್ತೆ. ಕೆಲಸ ಗೊತ್ತಿಲ್ದೋರು ಕೈ ಹಾಕಬಾರದು." ಎದ್ದು ಹೋಗಿ ಹಾರೆ ಹುಡುಕತೊಡಗಿದ.

ಮರುದಿನ ಬೆಳಿಗ್ಗೆ ಅವನು ಮೊದಲ ಸಲ ಆ ಜಾಡಿಗೆ ಕಾಲಿಟ್ಟ. ಮೇಷ್ಟ್ರಿಗೂ ಫೋನು ಹೋಗಿತ್ತು. ಕಲ್ಲನ್ನು ಮೇಲಕ್ಕೆ ಉರುಳಿಸಲು ಅವನ ತೋಳು ಬೇಕಿತ್ತು. ಮೇಷ್ಟ್ರು ಬೆವರು ಸುರಿಸಿ ದುಡಿದ. ಗಂಡ ಗುಂಡಿ ಬಗೆದು, ಜಲ್ಲಿ ಹಾಕಿ, ಕೊರಡಿನಿಂದ ಕುಟ್ಟಿ, ಕಲ್ಲು ಇಳಿಸಿ, ಅಭ್ಯಾಸಬಲದಿಂದ ಜೇಬಿನಿಂದ ಮಟ್ಟ ನೋಡುವ ರಸಮಟ್ಟ ತೆಗೆದು ಅದರ ಮೇಲಿಟ್ಟ. ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ಬಂದು ನಿಂತಿತು.

"ತಪ್ಪು," ಎಂದಳು ಅವಳು. "ಎಡಗಡೆ ಎರಡು ಬೆರಳು ಇಳೀಬೇಕು."

"ನಾನು ಈ ಕೈಯಲ್ಲಿ ಒಂದು ಕಲ್ಲನ್ನೂ ಓರೆ ಕೂರಿಸಿಲ್ಲ ಕಣೇ."

"ಇದನ್ನ ಕೂರಿಸಿ. ಎರಡು ವರ್ಷದಿಂದ ನಿಮ್ಮ ಮುಖಕ್ಕಿಂತ ಜಾಸ್ತಿ ಇದನ್ನೇ ನೋಡಿದೀನಿ, ನನಗೆ ಗೊತ್ತಿಲ್ವಾ?"

ಮೇಷ್ಟ್ರು ಅತ್ತ ತಿರುಗಿ ನಕ್ಕ. ಗಂಡ ಗೊಣಗುತ್ತಲೇ ಹಾರೆ ಹಾಕಿ ಎಡಕ್ಕೆ ಬಾಗಿಸಿದ. ಗುಳ್ಳೆ ಒಂದು ಕೊನೆಗೆ ಓಡಿಹೋಯಿತು; ಅದನ್ನು ನೋಡಲಾರದವನಂತೆ ರಸಮಟ್ಟವನ್ನು ಜೇಬಿಗೆ ಹಾಕಿಕೊಂಡ. ಆಮೇಲೆ ಮೇಷ್ಟ್ರಿಗೆ ಕೇಳದಂತೆ ಅವಳ ಹತ್ತಿರ ಬಂದ. "ಬೇಕಿದ್ರೆ ಒಂದು ಬೆರಳು ಆಳಕ್ಕೆ ಇಳಿಸ್ತೀನಿ. ನಿನಗೆ ಸುಲಭ ಆಗುತ್ತೆ. ಯಾರಿಗೂ ಗೊತ್ತಾಗಲ್ಲ."

ಅವನು ಹೀಗೆ ಕೇಳಿದ್ದೇ ಅವಳಿಗೆ ಹಿತವಾಯಿತು. ಆದರೂ ಬಗ್ಗಿ, ಕಲ್ಲಿನ ಮೈಮೇಲಿದ್ದ ಹಳೆಯ ಮಣ್ಣಿನ ಗೆರೆಯನ್ನು ತೋರಿಸಿದಳು. ಮೊದಲು ನೆಲ ಎಲ್ಲಿಯವರೆಗಿತ್ತೆಂದು ಅದೇ ಹೇಳುತ್ತಿತ್ತು. "ಇಲ್ಲೀವರೆಗೆ. ಒಂದು ಕೂದಲೆಳೆ ಹೆಚ್ಚೂ ಬೇಡ, ಕಮ್ಮೀನೂ ಬೇಡ."

ಅವನು ಗೆರೆಗೆ ಸರಿಯಾಗಿ ಮಣ್ಣು ತುಂಬಿ ಕುಟ್ಟಿದ. "ಒಂದು ವಾರ ಇದರ ಮೇಲೆ ಭಾರ ಬೀಳಬಾರದು," ಎಂದು ಇಬ್ಬರಿಗೂ ತಾಕೀತು ಮಾಡಿದ. ವಾರವಿಡೀ ಮೇಷ್ಟ್ರು ಎರಡು ಮರಗಳಿಗೆ ಹಗ್ಗ ಕಟ್ಟಿ ಜಾಡು ಕಾದ.

ಭಾನುವಾರ ಗಂಡ ಕರೆಯದೆಯೇ ಜೊತೆಗೆ ಹೊರಟ. ಅವಳು ಗೇಟಿನಲ್ಲಿ ನಿಂತಳು, ಅವನು ನಡೆದು ಹೋಗಿ ಕಲ್ಲಿನ ಪಕ್ಕ ನಿಂತ. ಮೊದಲ ಸಲ ಮುಂದಿನ ಚಕ್ರ ಏರಿತು, ಹಿಂದಿನದು ಜಾರಿತು, ಕಾಲು ನೆಲ ಮುಟ್ಟಿತು.

"ಉಸಿರು ಬಿಗಿ ಹಿಡಿದುಬಿಟ್ಟೆ," ಎಂದ ಅವನು.

"ಯಾರು, ನಾನಾ ನೀವಾ?"

ಅವನು ಯೋಚಿಸಿದ. "ಇಬ್ಬರೂ."

ದಿನಕ್ಕೆ ನಲವತ್ತು ತೋಳುಗಳಿಗೆ ಸೂಜಿ ಚುಚ್ಚುವಾಗ ಉಸಿರು ಬಿಡಿ, ಉಸಿರು ಬಿಡಿ ಎಂದು ಊರಿಗೆಲ್ಲ ಹೇಳುವವಳು ತಾನೇ ಉಸಿರು ಕಟ್ಟಿಕೊಂಡು ಒದ್ದಾಡಿದ್ದಳು. ನಗು ಬಂತು. ಸೈಕಲ್ಲು ತಿರುಗಿಸಿ ಪೂರ್ತಿ ಕೆಳಗಿಳಿದು, ಗೇಟು ಮುಟ್ಟಿ, ಮತ್ತೆ ಏರತೊಡಗಿದಳು. ಬೇರು, ಜಲ್ಲಿ, ತಿರುವು. ಕಲ್ಲು ಕಂಡಿತು, ಪಕ್ಕದಲ್ಲಿ ಅವನ ಹಳೆಯ ಚಪ್ಪಲಿ ಕಂಡಿತು. ಮುಂದಿನ ಚಕ್ರ ಎತ್ತಿದಳು. ಎದೆಯನ್ನು ಮುಂದಕ್ಕೆ ಹಾಕಿ, ಎಡಕ್ಕೆ ಎರಡು ಬೆರಳು ವಾಲಿ, ಬಾಯಿ ತೆರೆದು ಉಸಿರು ಬಿಟ್ಟು, ಅರ್ಧ ಸುತ್ತು ಪೆಡಲು ತುಳಿದಳು. ಹಿಂದಿನ ಚಕ್ರ ಕಲ್ಲನ್ನು ಕಚ್ಚಿತು, ಏರಿತು, ಆಚೆ ಇಳಿಯಿತು.

ನಿಲ್ಲುವಂತಿರಲಿಲ್ಲ. ಟ್ಯಾಂಕು ಇನ್ನೂ ಮೇಲಿತ್ತು. ಈಗ ಕಾಲೂರಿದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಹಿಂದಿರುಗಿಯೂ ನೋಡದೆ ತುಳಿಯುತ್ತಾ ಹೋದಳು. ಕೆಳಗೆ ನಾಯಿ ಬೊಗಳಿತು, ಆಮೇಲೆ ಅದನ್ನು ತಿರುಗಾಡಿಸಲು ಬಂದ ಪೋಸ್ಟ್‌ಮಾಸ್ಟರ್ ದನಿ.

"ಅದು ನಿಮ್ಮನೆಯವರಲ್ವೇನ್ರೀ? ವಾಕಿಂಗು ಅಂತಿದ್ರಿ?"

"ವಾಕಿಂಗ್ ಎಲ್ಲಿ ಬಂತು ಸಾರ್," ಗಂಡನ ದನಿ ಗುಡ್ಡಕ್ಕೆಲ್ಲ ಕೇಳುವಷ್ಟು ಜೋರಾಗಿತ್ತು. "ಸೈಕಲ್ ಹೊಡೀತಾಳೆ. ಈ ಕಲ್ಲು ದಾಟಿದೋರು ಇಲ್ಲೀವರೆಗೆ ಆರೇ ಜನ. ಇವಳು ಏಳನೆಯವಳು."

ಅವಳ ಕಣ್ಣು ಮಂಜಾಯಿತು, ಆದರೆ ದಾರಿ ಕಾಣಲೇಬೇಕಿತ್ತು, ಕಣ್ಣು ಪಿಳುಕಿಸಿ ಮುಂದೆ ಸಾಗಿದಳು. ಕೊನೆಯ ಏರು ಮುಗಿಯಿತು. ಟ್ಯಾಂಕಿನ ಗೋಡೆಗೆ ಕೈಕೊಟ್ಟು ನಿಂತು, ಎಡಗಾಲನ್ನು ಮೆಲ್ಲನೆ ನೆಲಕ್ಕಿಟ್ಟಳು.

ಅಲ್ಲಿಂದ ಬಗ್ಗಿ ನೋಡಿದರೆ ಮರಗಳ ಸಂದಿಯಲ್ಲಿ ತಿರುವು ಕಾಣುತ್ತಿತ್ತು. ಪೋಸ್ಟ್‌ಮಾಸ್ಟರ್ ನಾಯಿಯನ್ನು ಹಿಡಿದು ಪಕ್ಕಕ್ಕೆ ನಿಂತಿದ್ದರು. ಗಂಡ ನೋವಿನ ಮಂಡಿಗಳನ್ನೂರಿ ಕೂತು, ಓರೆಯಾದ ಕಲ್ಲಿನ ಮೇಲೆ ರಸಮಟ್ಟವಿಟ್ಟು, ಗುಳ್ಳೆ ಅವತ್ತು ಓಡಿ ನಿಂತಿದ್ದ ಜಾಗದಲ್ಲೇ ಇದೆಯೇ ಎಂದು ಬಗ್ಗಿ ನೋಡುತ್ತಿದ್ದ.