ಓಡುವ ಕೈಗೆ ಒಂದು ಲೆನ್ಸ್

ತಂಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು. ಅವಳು ಕೈಯಲ್ಲಿ ಇಪ್ಪತ್ತು ಮಾತು ಹೇಳಿದರೆ ಅಣ್ಣ ಅದನ್ನು ಬಾಯಲ್ಲಿ ಎರಡು ಮಾಡಿ ಮುಗಿಸುತ್ತಿದ್ದ. ಎದುರಿನವರು ಬಾಯಲ್ಲಿ ಇಪ್ಪತ್ತು ಹೇಳಿದರೆ ಕೈಯಲ್ಲಿ ಒಂದು ಮಾಡಿ ದಾಟಿಸುತ್ತಿದ್ದ. ಮಿಕ್ಕ ಮಾತೆಲ್ಲ ಎಲ್ಲಿ ಹೋಗುತ್ತಿತ್ತೋ ಆ ದೇವರಿಗೇ ಗೊತ್ತು. ಕೇಳಿದರೆ ಬಲಗೈಯನ್ನು ಭುಜದಿಂದ ಮುಂದಕ್ಕೆ ಏನನ್ನೋ ಎಸೆದಂತೆ ಬೀಸಿ "ಆಮೇಲೆ ಹೇಳ್ತೀನಿ" ಅನ್ನುತ್ತಿದ್ದ. ಮೂವತ್ತೆಂಟು ವರ್ಷದಲ್ಲಿ ಆ ಆಮೇಲೆ ಒಂದು ಸಲವೂ ಬಂದಿರಲಿಲ್ಲ.

ಮಾತು ಬೆಳ್ಳಿ, ಮೌನ ಬಂಗಾರ ಎಂದು ಗಾದೆ ಕಟ್ಟಿದ ಮಹಾನುಭಾವನಿಗೆ ಖಂಡಿತ ಎರಡು ಕಿವಿಯೂ ಚೆನ್ನಾಗಿ ಕೇಳುತ್ತಿತ್ತು. ಇಲ್ಲದಿದ್ದರೆ ಅಂಥ ಮಾತು ಅವನ ಬಾಯಲ್ಲಿ ಬರುತ್ತಿರಲಿಲ್ಲ.

ಆ ದಿನ ಅಣ್ಣ ತಂಗಿ ಇಬ್ಬರೂ ಕ್ಯಾಮೆರಾ ಅಂಗಡಿಯಲ್ಲಿ ನಿಂತಿದ್ದರು. ದೊಡ್ಡ ಕಟ್ಟಡವೊಂದರ ನೆಲಮಾಳಿಗೆಯಲ್ಲಿ, ಉದ್ದನೆಯ ಓಣಿಯ ಕೊನೆಯಲ್ಲಿದ್ದ ಅಂಗಡಿ. ತಂಗಿ ಫೋಟೋ ಲ್ಯಾಬಿನಲ್ಲಿ ಹದಿನಾರು ವರ್ಷದಿಂದ ಕೆಲಸ ಮಾಡುವವಳು. ಜನರ ಪಾಸ್‌ಪೋರ್ಟ್ ಫೋಟೋಗಳ ಮೊಡವೆ, ಕಲೆ, ಕೆದರಿದ ಕೂದಲು ಸರಿಮಾಡುವುದು ಅವಳ ಕಸುಬು. ಯಾವ ಲೆನ್ಸ್ ಬೇಕೆಂದು ಮೂರು ತಿಂಗಳಿಂದ ಓದಿ, ಹೋಲಿಸಿ, ನಿರ್ಧರಿಸಿಯೇ ಬಂದಿದ್ದಳು. ದುಡ್ಡೂ ಅವಳದೇ. ಆದರೂ ಅಣ್ಣ ಜೊತೆಗೆ ಬಂದಿದ್ದ. "ನಾನಿಲ್ದೆ ಹೋದ್ರೆ ನಿನಗೆ ಟೋಪಿ ಹಾಕ್ತಾರೆ" ಎಂಬುದು ಅವನ ವಾದ.

ಲೆನ್ಸ್ ಬೇಕಾದದ್ದು ಬರುವ ಭಾನುವಾರಕ್ಕೆ. ತಂಗಿ ಓದಿದ ಕಿವುಡರ ಶಾಲೆಯ ಟೀಚರಮ್ಮ ಅಂದು ಕೊನೆಯ ಬಾರಿಗೆ ರಂಗದ ಮೇಲೆ ಬರುವವರಿದ್ದರು. ಒಂದು ಬೀಜ ಮಣ್ಣು ಸೀಳಿ, ಗಿಡವಾಗಿ, ಮರವಾಗಿ, ಕೊಡಲಿ ಕಂಡು, ಮತ್ತೆ ಬೀಜವಾಗುವ ಕಥೆ. ಅದು ಯಾವ ಪುಸ್ತಕದಲ್ಲೂ ಇಲ್ಲ, ಟೀಚರಮ್ಮನ ಹತ್ತು ಬೆರಳಲ್ಲಿ ಮಾತ್ರ ಇದೆ. ಆ ಬೆರಳುಗಳ ಗಿಣ್ಣುಗಳಿಗೆ ಈಗ ಬಾವು. ಇನ್ನಾರು ತಿಂಗಳಲ್ಲಿ ಮಡಚುವುದೂ ಕಷ್ಟ ಎಂದು ವೈದ್ಯರು ಹೇಳಿಬಿಟ್ಟಿದ್ದಾರೆ. ಹಾಗಾಗಿ ಕಥೆಯ ಒಂದೊಂದು ಮಾತನ್ನೂ ಫೋಟೋ ತೆಗೆದು, ದೊಡ್ಡದಾಗಿ ಮುದ್ರಿಸಿ, ಶಾಲೆಯ ಗೋಡೆಗೆ ಹಾಕಬೇಕೆಂಬುದು ಟೀಚರಮ್ಮನ ಆಸೆ. ಮಕ್ಕಳು ಗೋಡೆಯ ಮುಂದೆ ನಿಂತು ಒಂದೊಂದೇ ಮಾತನ್ನು ಕೈಯಲ್ಲಿ ಕೂಡಿಸಿಕೊಳ್ಳಲಿ ಎಂದು.

ಹೋದ ವರ್ಷವೂ ತಂಗಿ ಫೋಟೋ ತೆಗೆದಿದ್ದಳು, ತನ್ನ ಹಳೆಯ ಲೆನ್ಸಿನಲ್ಲಿ. ಕಿವುಡರ ನಾಟಕದಲ್ಲಿ ಫೋಟೋದವರು ರಂಗದ ಮುಂದೆ ಓಡಾಡುವಂತಿಲ್ಲ. ಅಡ್ಡ ನಿಂತರೆ ಹಿಂದಿನವರ ಪಾಲಿಗೆ ಪಾತ್ರದ ಬಾಯಿ ಮುಚ್ಚಿದಂತೆ. ಫ್ಲಾಷ್ ಹಾಕುವಂತಿಲ್ಲ, ಕಣ್ಣು ಕೋರೈಸಿದರೆ ನಾಲ್ಕು ಮಾತು ತಪ್ಪಿಹೋಗುತ್ತದೆ. ಹಿಂದಿನ ಮೂಲೆಯಿಂದ, ಮಂದ ಬೆಳಕಿನಲ್ಲೇ ತೆಗೆಯಬೇಕು. ತೆಗೆದಳು. ಟೀಚರಮ್ಮನ ಮುಖ ಲಕ್ಷಣವಾಗಿ ಬಂತು. ಕೈಗಳು ಮಾತ್ರ ಹಿಂಜಿದ ಹತ್ತಿಯ ಹಾಗೆ ಕದಡಿಹೋಗಿದ್ದವು. ಟೀಚರಮ್ಮ ಒಂದೊಂದೇ ಫೋಟೋ ತಿರುವಿ ಹಾಕಿ ಕೊನೆಗೆ ಕೈಯಲ್ಲಿ ಕೇಳಿದ್ದರು, "ಇದು ನಾನು, ಸರಿ. ನಾನು ಹೇಳಿದ್ದು ಎಲ್ಲಿ?"

ಆ ಪ್ರಶ್ನೆ ತಂಗಿಯ ಎದೆಯಲ್ಲಿ ವರ್ಷವಿಡೀ ಕುಳಿತಿತ್ತು.

ಅಂಗಡಿಯವ ಗಾಜಿನ ಕೌಂಟರಿನ ಮೇಲೆ ಎರಡು ಲೆನ್ಸ್ ಇಟ್ಟ. ಒಂದು ಎಪ್ಪತ್ತರಿಂದ ಇನ್ನೂರು ಎಂಎಂನದು: ದಪ್ಪ, ಭಾರ, ಬಾಯಿ ಅಗಲ, ಎಫ್ 2.8. ಇನ್ನೊಂದು ಎಪ್ಪತ್ತರಿಂದ ಮುನ್ನೂರರದು: ತೆಳ್ಳಗೆ, ಹಗುರ, ದೂರಕ್ಕೆ ಎಳೆದರೆ ಬಾಯಿ ಕಿರಿದಾಗಿ ಎಫ್ 5.6. ಬಾಯಿ ಅಗಲವಿದ್ದಷ್ಟೂ ಬೆಳಕು ಹೆಚ್ಚು ಬೀಳುತ್ತದೆ. ಬೆಳಕು ಹೆಚ್ಚು ಬಿದ್ದಷ್ಟೂ ಕಣ್ಣು ಮಿಟುಕಿಸುವುದರೊಳಗೆ ಚಿತ್ರ ಹಿಡಿಯಬಹುದು. ಆಗ ಓಡುವ ಕೈಯೂ ನಿಲ್ಲುತ್ತದೆ. ಇದರಲ್ಲಿ ಬ್ರಹ್ಮವಿದ್ಯೆ ಏನಿಲ್ಲ. ಆದರೆ ಅಂಗಡಿಯವ ಅಣ್ಣನ ಕಡೆಗೇ ಮುಖಮಾಡಿ ಶುರುಮಾಡಿದ. ಅವನಿಗೆ ಮೀಸೆಯಿರಲಿಲ್ಲ. ತುಟಿ ಓದುವವರಿಗೆ ಇದು ಎಂಥ ಅನುಕೂಲವೆಂದು ಪಾಪ ಅವನಿಗೆ ಗೊತ್ತಿರಲಿಲ್ಲ.

"ಇದೇ ತಗೊಳ್ಳಿ ಸಾರ್, ಮುನ್ನೂರು. ಇನ್ನೂರಕ್ಕಿಂತ ಮುನ್ನೂರು ದೊಡ್ಡದಲ್ವಾ? ಹಗುರ ಬೇರೆ. ಆ ದೊಡ್ಡದು ಹೆಂಗಸ್ರಿಗೆ ಆಗಲ್ಲ, ಕೈ ಬಿದ್ದೋಗುತ್ತೆ. ಜೊತೆಗೆ ಇದರಲ್ಲಿ ಸ್ಟೆಬಿಲೈಸರ್ ಇದೆ, ಎಷ್ಟು ಅಲ್ಲಾಡಿದ್ರೂ ಫೋಟೋ ಅಲ್ಲಾಡಲ್ಲ."

ಅಣ್ಣ ತಂಗಿಯತ್ತ ತಿರುಗಿ ಕೈಯಾಡಿಸಿದ: "ಸಣ್ಣದೇ ಒಳ್ಳೇದಂತೆ."

ಇಷ್ಟೇ. ಅಷ್ಟುದ್ದದ ಪುರಾಣಕ್ಕೆ ಇಷ್ಟೇ ಸಾರಾಂಶ.

ತಂಗಿಗೆ ಮೈಯೆಲ್ಲ ಉರಿಯಿತು. ಅವಳ ಕೈಗಳು ಪಟಪಟನೆ ಓಡಿದವು. "ಸ್ಟೆಬಿಲೈಸರ್ ತಡೆಯೋದು ತೆಗೆಯೋರ ಕೈ ನಡುಗೋದನ್ನ. ನನ್ನ ಕೈ ನಡುಗಲ್ಲ. ಓಡೋದು ಟೀಚರಮ್ಮನ ಕೈ. ಅದನ್ನ ಯಾವ ಸ್ಟೆಬಿಲೈಸರೂ ನಿಲ್ಸಲ್ಲ, ಬೆಳಕು ನಿಲ್ಸಬೇಕು. ಐಎಸ್‌ಒ ಏರಿಸಿ ಕ್ಯಾಮೆರಾದಲ್ಲೇ ಬೆಳಕು ಹೆಚ್ಚಿಸಿದ್ರೆ ಬೆರಳ ಮೇಲೆ ಮರಳು ಚೆಲ್ಲಿದ ಹಾಗೆ ಬರುತ್ತೆ. ನನಗೆ ಮುನ್ನೂರು ಬೇಡ, ಇನ್ನೂರೇ ಸಾಕು. ಇನ್ನು ಭಾರದ ವಿಷಯ. ಲ್ಯಾಬಲ್ಲಿ ಕಾಗದದ ಬಂಡಲ್ ಎತ್ತೋದು ಯಾರು ಅಂತ ಅವನಿಗೆ ಹೇಳು. ಎಲ್ಲಾನೂ ಹೇಳು."

ಅಣ್ಣ ಅಂಗಡಿಯವನ ಕಡೆ ತಿರುಗಿ ನಕ್ಕ. "ಅವಳಿಗೆ ಒಂಚೂರು ಡೌಟು, ಅಷ್ಟೇ."

ಅವನ ತುಟಿಯನ್ನು ತಂಗಿ ಎರಡು ವರ್ಷದ ಮಗುವಾಗಿದ್ದಾಗಿನಿಂದ ಓದುತ್ತಿದ್ದಳು. ಅಂಗೈ ಬಿಚ್ಚಿ ಗಾಜಿನ ಮೇಲೆ ಬಡಿದ ಹೊಡೆತಕ್ಕೆ ಎರಡೂ ಲೆನ್ಸ್ ಅದುರಿದವು. ಅಂಗಡಿಯವ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಮೊಬೈಲ್ ತೆಗೆದು ಟೈಪ್ ಮಾಡಿ ಅವನ ಮೂಗಿಗೆ ಹಿಡಿದಳು: ನನಗೆ ಯಾವ ಡೌಟೂ ಇಲ್ಲ. ಎರಡೂ ಲೆನ್ಸ್ ಹೊರಗಿನ ಓಣಿಯಲ್ಲಿ ನನ್ನ ಕ್ಯಾಮೆರಾಕ್ಕೆ ಹಾಕಿ ನೋಡಬೇಕು.

ಅಂಗಡಿಯವ ಓದಿದ. ಓದಿ, ಅಣ್ಣನನ್ನು ಕೇಳಿದ: "ಓ, ಇವ್ರಿಗೆ ಓದೋಕೆ ಬರಿಯೋಕೆ ಬರುತ್ತಾ?"

ಗಾಯದ ಮೇಲೆ ಬರೆ ಎಂದರೆ ಇದು. ಅಣ್ಣನಾದರೂ ಅದಕ್ಕೆ ಏನಾದರೂ ಹೇಳಬಹುದಿತ್ತು. ಅವನು ಮುಜುಗರದಲ್ಲಿ ಕತ್ತು ತುರಿಸಿಕೊಂಡ. ತಂಗಿ 'ಏನಂದ?' ಎಂದು ಬೇಕೆಂದೇ ಕೇಳಿದಳು. ಅಣ್ಣನ ಕೈ ಭುಜದಿಂದ ಮುಂದಕ್ಕೆ ಬೀಸಿತು: ಆಮೇಲೆ ಹೇಳ್ತೀನಿ.

ಆ ಕೈಬೀಸು ಕಂಡದ್ದೇ ತಂಗಿಗೆ ಆರು ವರ್ಷದ ಹಿಂದಿನ ಆಸ್ಪತ್ರೆಯ ವರಾಂಡ ಕಣ್ಮುಂದೆ ಬಂತು. ಒಳಗೆ ಅಮ್ಮ ಮಲಗಿದ್ದಳು. ಬಾಗಿಲ ಬಳಿ ಡಾಕ್ಟರು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡೇ ಅಣ್ಣನ ಜೊತೆ ಮಾತಾಡುತ್ತಿದ್ದರು. ತುಟಿ ಕಾಣಿಸದೆ ತಂಗಿ ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದಳು. ಹನ್ನೊಂದು ನಿಮಿಷ ಮಾತಾಡಿದ್ದರು. ಆಮೇಲೆ ಅಣ್ಣ ಬಂದು ಕೈಯಲ್ಲಿ ಹೇಳಿದ್ದು: "ಸುಸ್ತಾಗಿದೆಯಂತೆ. ನೀನು ಮನೆಗೆ ಹೋಗಿ ಮಲಕ್ಕೋ." ಇನ್ನೇನಂದರು ಎಂದರೆ, ಅದೇ ಬೀಸು. ನಂಬಿ ಹೋದಳು. ಬೆಳಕು ಹರಿಯುವಷ್ಟರಲ್ಲಿ ಅಮ್ಮ ಇರಲಿಲ್ಲ. ಸುಸ್ತಾಗಿದೆ ಎನ್ನಲು ಯಾವ ಡಾಕ್ಟರಿಗೂ ಹನ್ನೊಂದು ನಿಮಿಷ ಬೇಡ. ಅದನ್ನು ಆರು ವರ್ಷದಿಂದ ಕೇಳುತ್ತಲೇ ಇದ್ದಳು, ಅವನು ಅಡ್ಡಗೋಡೆಯ ಮೇಲೆ ದೀಪ ಇಡುತ್ತಲೇ ಇದ್ದ.

ಓಣಿಗೆ ಬಂದರು. ಅರ್ಧ ಟ್ಯೂಬ್‌ಲೈಟು ಕೆಟ್ಟಿದ್ದ ಓಣಿ. ನಾಟಕದ ಮಂದಿರದಷ್ಟೇ ಮಂದ ಬೆಳಕು. ತಂಗಿ ಅಣ್ಣನನ್ನು ಆ ಕೊನೆಗೆ ಕಳಿಸಿ, ಈ ಕೊನೆಯಲ್ಲಿ ತೆಳ್ಳನೆಯ ಲೆನ್ಸ್ ಹಾಕಿಕೊಂಡು ನಿಂತಳು. ಅಂಗಡಿಯವ ಪಕ್ಕದಲ್ಲಿ ಕೈಕಟ್ಟಿ ನಿಂತ. ಅಷ್ಟು ದೂರದಿಂದ ಅರಚಿಕೊಳ್ಳದೆ ಮಾತಾಡಬಲ್ಲವರು ಆ ಕಟ್ಟಡದಲ್ಲೆಲ್ಲ ಇವರಿಬ್ಬರೇ.

"ಮಾಮೂಲಿ ಹೇಗೆ ಮಾತಾಡ್ತೀಯೋ ಹಾಗೆ ಕೈಯಲ್ಲಿ ಮಾತಾಡು" ಅಂದಳು.

"ಏನು ಮಾತಾಡ್ಲಿ?"

"ಡಾಕ್ಟರ್ ಅವತ್ತು ಅಮ್ಮನ ಬಗ್ಗೆ ಹೇಳಿದ್ದು. ಹನ್ನೊಂದು ನಿಮಿಷದ್ದೂ."

ಅಣ್ಣನ ಮುಖ ಇಳಿಯಿತು. "ಇಲ್ಲೇನಾ? ಇಲ್ಲಿ ಜನ ಇದ್ದಾರೆ."

"ಇದ್ರೆ ಇರ್ಲಿ. ಅವರಿಗೆ ಒಂದಕ್ಷರ ಅರ್ಥ ಆಗಲ್ಲ. ಅದು ಹೇಗಿರುತ್ತೆ ಅಂತ ಅವರೂ ಒಂದಿನ ನೋಡ್ಲಿ."

ಅಣ್ಣ ಎಂದಿನ ರಾಗ ತೆಗೆದ. ಸುಸ್ತು, ವಯಸ್ಸು, ನಮ್ಮ ಕೈಲೇನಿದೆ. ತಂಗಿ ಎಂಟು ಫೋಟೋ ಹೊಡೆದು ಅಂಗಡಿಯವನಿಗೆ ತೋರಿಸಿದಳು. ಎಂಟರಲ್ಲೂ ಮಣಿಕಟ್ಟಿನಿಂದ ಆಚೆಗೆ ಬರೀ ಕಲಸುಮೇಲೋಗರ.

"ಮುಖ ಎಷ್ಟು ಚೆನ್ನಾಗಿ ಬಂದಿದೆ ನೋಡಿ!" ಅಂದ ಅಂಗಡಿಯವ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ತಂಗಿ ದಪ್ಪ ಲೆನ್ಸ್ ಏರಿಸಿದಳು. ಭಾರವಿತ್ತು ನಿಜ. ಎಡಗೈಯನ್ನು ಅದರ ಅಡಿಗೆ ಕೊಟ್ಟು, ಮೊಣಕೈ ಪಕ್ಕೆಗೆ ಒತ್ತಿಕೊಂಡು ಅಣ್ಣನತ್ತ ಗುರಿ ಹಿಡಿದಳು. ಆಮೇಲೆ ಒಮ್ಮೆ ಕ್ಯಾಮೆರಾದಿಂದ ಕಣ್ಣು ತೆಗೆದು ಬಲಗೈಯಲ್ಲಿ ಹೇಳಿದಳು, "ಈಗ ನಿಜ ಹೇಳು. ಇವತ್ತೂ ಮೊಟಕು ಮಾಡಿದ್ರೆ, ಈ ಜನ್ಮದಲ್ಲಿ ನಿನ್ನ ಕೈ ಕಡೆ ತಿರುಗಿ ನೋಡಲ್ಲ."

ಕಿವಿ ಕೇಳದವರು ನೋಡುವುದಿಲ್ಲ ಎಂದರೆ, ಅಲ್ಲಿಗೆ ಮಾತು ಸತ್ತಂತೆ. ಅದು ಅಣ್ಣನಿಗೂ ಗೊತ್ತಿತ್ತು. ಅವನು ಕೊನೆಗೆ ಕೈ ಎತ್ತಿದ.

"ಬೆಳಿಗ್ಗೆ ತನಕ ಉಳಿಯೋದು ಕಷ್ಟ ಅಂದ್ರು. ಪ್ರಜ್ಞೆ ಚೆನ್ನಾಗಿದೆ, ಮಗಳನ್ನ ಪಕ್ಕದಲ್ಲೇ ಕೂರಿಸಿ ಅಂದ್ರು. ಹೇಳೋದು ಕೇಳೋದು ಏನಿದ್ರೂ ಇವತ್ತೇ ಅಂದ್ರು. ನನಗೆ ನಿನಗೆ ಹೇಳೋಕೆ ಧೈರ್ಯ ಬರ್ಲಿಲ್ಲ. ನೀನು ಅಲ್ಲೇ ಅತ್ತುಬಿಡ್ತೀಯ, ಅಮ್ಮ ನೋಡಿಬಿಡ್ತಾಳೆ ಅಂತ. ಕಳಿಸಿಬಿಟ್ಟೆ."

ತಂಗಿಯ ಬೆರಳು ಗುಂಡಿ ಒತ್ತುತ್ತಲೇ ಇತ್ತು. ಕಣ್ಣು ಕ್ಯಾಮೆರಾದ ಕಿಟಕಿಯಲ್ಲೇ ಇತ್ತು.

"ನೀನು ಹೋದ್ಮೇಲೆ ಅಮ್ಮ ಕೇಳಿದ್ಲು. ಬಾಯಲ್ಲಿ ಅಲ್ಲ, ಕೈಯಲ್ಲಿ. ಎಲ್ಲಿ ಅಂತ. ಹೀಗೆ ಮಾಡಿದ್ಲು."

ಅಣ್ಣ ತೋರುಬೆರಳಿನಿಂದ ತನ್ನ ಗದ್ದವನ್ನು ಎರಡು ಸಲ ತಟ್ಟಿದ.

ತಂಗಿಯ ಗದ್ದದ ಮೇಲೊಂದು ಮಚ್ಚೆಯಿದೆ. ಆ ಎರಡು ತಟ್ಟು ಅವಳ ಹೆಸರು. ಅಮ್ಮ ಇಟ್ಟದ್ದು, ಅಮ್ಮ ಮಾತ್ರ ಕರೆಯುತ್ತಿದ್ದುದು. ಆರು ವರ್ಷದಿಂದ ಆ ಹೆಸರನ್ನು ಯಾರೂ ಕರೆದಿರಲಿಲ್ಲ.

"ಆಮೇಲೆ ಬರ್ತಾಳೆ ಅಂದೆ" ಎಂದು ಅಣ್ಣ ಮುಗಿಸಿದ. "ನಾಲ್ಕು ಸಲ ಕೇಳಿದ್ಲು. ನಾಲ್ಕು ಸಲಾನೂ ಹಾಗೇ ಅಂದೆ."

ತಂಗಿ ಕ್ಯಾಮೆರಾ ಇಳಿಸಿದಳು. ಅಳು ಬರಲಿಲ್ಲ. ಬಂದದ್ದು ಸಿಟ್ಟು, ಬರೀ ಸಿಟ್ಟು. ತನ್ನ ತಾಯಿಯ ಕೊನೆಯ ಮಾತನ್ನು ಇವನು ಆರು ವರ್ಷ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ್ದ. ಅದೂ ಅವಳದೇ ಹೆಸರನ್ನು.

ಕ್ಯಾಮೆರಾದ ಪರದೆಯ ಮೇಲೆ ಫೋಟೋ ಸರಿಸಿದಳು. ಕೊನೆಗೆ ಒಂದರಲ್ಲಿ ನಿಂತಳು. ಅಣ್ಣನ ಬೆರಳು ಎರಡನೇ ತಟ್ಟಿಗೆ ಇಳಿಯುತ್ತಿತ್ತು. ಬೆರಳಿಗೂ ಗದ್ದಕ್ಕೂ ನಡುವೆ ಎಳ್ಳಷ್ಟು ಜಾಗ ಉಳಿದಿತ್ತು. ಉಗುರಿನ ಬಿಳಿ ಗೆರೆ, ಗಿಣ್ಣಿನ ಸುಕ್ಕು, ಕತ್ತಿ ತಾಗಿದ ಹಳೆಯ ಕಲೆ, ಎಲ್ಲ ಎಣಿಸುವಂತೆ ಕಾಣುತ್ತಿತ್ತು. ಒಂದು ಗೆರೆಯೂ ಕದಡಿರಲಿಲ್ಲ.

ಅಂಗಡಿಯವ ಬಗ್ಗಿ ನೋಡಿದ. ತೆಳ್ಳನೆಯ ಲೆನ್ಸಿನ ಫೋಟೋ ಇನ್ನೊಮ್ಮೆ ತೋರಿಸಿ ಎಂದು ಸನ್ನೆ ಮಾಡಿದ, ನೋಡಿದ, ಮತ್ತೆ ಇದನ್ನು ನೋಡಿದ. ಈ ಬಾರಿ ಅಣ್ಣನನ್ನು ಹುಡುಕಲಿಲ್ಲ. ತಂಗಿಯ ಮುಖಕ್ಕೇ ನೇರವಾಗಿ, ತುಟಿ ಬಿಡಿಸಿ ಕೇಳಿದ, "ಇದರಲ್ಲಿ ಏನ್ ಹೇಳ್ತಿದ್ದಾರೆ ಮೇಡಂ?"

ಅವಳು ಟೈಪ್ ಮಾಡಿದಳು: ನನ್ನ ಹೆಸರು. ಇದೇ ಲೆನ್ಸ್ ಕೊಡಿ.

ಬಿಲ್ಲಾಗುವವರೆಗೂ ಅಣ್ಣ ಬಾಗಿಲಲ್ಲೇ ನಿಂತಿದ್ದ. ಪೆಟ್ಟಿಗೆ ಹೊರಲು ಕೈ ಚಾಚಿದ. ತಂಗಿ ಅದನ್ನು ಎದೆಗೆ ಒತ್ತಿಕೊಂಡು ಮುಂದೆ ನಡೆದಳು. ಮೆಟ್ಟಿಲ ಬಳಿ ಅವನು ಓಡಿಬಂದು ಎದುರು ನಿಂತ.

"ಭಾನುವಾರ ನಾನೂ ಬರ್ಲಾ?"

"ಬಾ" ಅಂದಳು. "ಹಿಂದಿನ ಸಾಲಲ್ಲಿ ಕೂತ್ಕೋ. ಬಾಯಿ ಮಾತು ಇರಲ್ಲ, ಹೇಳಿಕೊಡೋರೂ ಇರಲ್ಲ. ನಿನ್ನ ಮನೆ ಮಟ್ಟದ ಕೈಮಾತು ಅಲ್ಲಿ ಸಾಲದು, ಟೀಚರಮ್ಮ ಬಹಳ ಬೇಗ ಬೇಗ ಹೇಳ್ತಾರೆ."

"ಅರ್ಥ ಆಗ್ದೇ ಇದ್ರೆ? ನಿನ್ನ ಕೇಳಲಾ?"

ತಂಗಿ ಪೆಟ್ಟಿಗೆಯನ್ನು ಎಡಗೈಗೆ ಬದಲಿಸಿಕೊಂಡಳು. ಬಲಗೈಯನ್ನು ಭುಜದಿಂದ ಮುಂದಕ್ಕೆ ಏನನ್ನೋ ಎಸೆದಂತೆ ಬೀಸಿ, ಮೆಟ್ಟಿಲು ಹತ್ತಿ ಹೋದಳು.