ಸೂತಕದ ರಜೆ

"ಹೆತ್ತ ಅವ್ವಿಯನ್ನ ಕೊಂದು ರಜೆ ತಿಂದ ಮಗ ಬಂದ, ನೋಡ್ರೋ!"

ತದಡಿಯ ಐಸ್ ಪ್ಲಾಂಟಿನ ಅಂಗಳದಲ್ಲಿ ಮಾಲೀಕ ದಿವಾಕರ ಹಾಗೆ ಕೂಗಿದಾಗ ಬೋಟಿನವರು, ಮೀನುಬುಟ್ಟಿಯ ಹೆಂಗಸರು, ಎಲ್ಲರೂ ತಿರುಗಿದರು. ಹದಿಮೂರು ದಿನದ ಮೇಲೆ ಕೆಲಸಕ್ಕೆ ಬಂದ ಬೀರ ಗೇಟಿನಲ್ಲೇ ನಿಂತ. ಮಾಲೀಕನ ಪಕ್ಕದ ಬೆಂಚಿನ ಮೇಲೆ ಅವನ ಅವ್ವಿ ಸಣ್ಣಿ ಕೂತಿದ್ದಳು. ಮಡಿಲಲ್ಲಿ ಹರಿವೆ ಸೊಪ್ಪಿನ ಕಟ್ಟು. ಜೀವಂತ.

ಆದದ್ದು ಇಷ್ಟೆ. ಸಣ್ಣಿಯ ಎದೆಗೆ ಸ್ಟೆಂಟ್ ಹಾಕಿಸಬೇಕು, ಮಂಗಳೂರಿಗೆ ಒಯ್ಯಬೇಕು ಎಂದು ಬೀರ ರಜೆ ಕೇಳಿದ್ದ. "ಎರಡು ದಿನ. ಮೂರನೇ ದಿನ ನಿನ್ನ ಜಾಗಕ್ಕೆ ಬೇರೆಯವ," ಎಂದಿದ್ದ ದಿವಾಕರ. ಆಫೀಸಿನ ಗೋಡೆಯಲ್ಲಿ ಕಾರ್ಮಿಕರ ಹಕ್ಕುಗಳ ಪಟ್ಟಿ ತೂಗುತ್ತಿತ್ತು. ಅದೇ ಮೊಳೆಗೆ ಮಾಲೀಕನ ಕೊಡೆ. ಹಕ್ಕು ಓದಬೇಕೆಂದರೆ ಕೊಡೆ ಎತ್ತಬೇಕು, ಯಾರೂ ಎತ್ತಿರಲಿಲ್ಲ.

ಸೂತಕಕ್ಕೆ ಮಾತ್ರ ಅಲ್ಲಿ ಹನ್ನೊಂದು ದಿನ ರಜೆ, ಸಂಬಳ ಸಮೇತ. ಗಣಪತಿ ಪಟಕ್ಕೆ ದೀಪ ಹಚ್ಚದೆ ಆ ಪ್ಲಾಂಟಿನಲ್ಲಿ ಮೆಷಿನ್ ಶುರುವಾಗುವುದಿಲ್ಲ. ಸೂತಕದವನು ಒಳಗೆ ಕಾಲಿಟ್ಟರೆ ಕಂಪ್ರೆಸರ್ ಕೆಡುತ್ತದೆಂದು ದಿವಾಕರನಿಗೆ ಗಟ್ಟಿ ನಂಬಿಕೆ. ಕಾಯಿದೆಗೆ ಬಗ್ಗದವನು ಹೆಣಕ್ಕೆ ಹೆದರುತ್ತಿದ್ದ. ಮೂರನೇ ದಿನ ಅವನು ಹೊಸಬನನ್ನು ಕರೆಸಲು ಹೊರಟಾಗ, ಬೀರನ ಜತೆಗಾರ ಗಣೇಶ ಬಾಯಿಗೆ ಬಂದದ್ದು ಹೇಳಿಬಿಟ್ಟ: "ಅವನ ಅವ್ವಿ ತೀರ್ಕಂಡ್ಲು ಒಡ್ಯಾ." ಆಮೇಲೆ ಬೀರನಿಗೂ ಫೋನು ಮಾಡಿದ. ಬೀರ ಐಸಿಯು ಬಾಗಿಲ ಗಾಜಿನಿಂದ ಅವ್ವಿಯ ಉಸಿರು ನೋಡುತ್ತ, "ಆತು," ಎಂದ.

ದಿವಾಕರನ ಕರುಳು ಕರಗಿತು. ಹೊಳೆಯಾಚೆ ಕಾಗಾಲದ ಬೀರನ ಮನೆಗೆ ಒಂದು ಚೀಲ ಅಕ್ಕಿ, ಹತ್ತು ತೆಂಗಿನಕಾಯಿ ಕಳಿಸಿದ. ಆಸ್ಪತ್ರೆಯಿಂದ ಮರಳಿದ ಸಣ್ಣಿ, ತಾನು ಬದುಕಿದ ಖುಷಿಗೆ ಮಾಲೀಕ ಕಳಿಸಿದ್ದೆಂದು ತಿಳಿದಳು. ನೀನು ಸತ್ತದ್ದಕ್ಕೆ ಬಂದದ್ದು ಎನ್ನಲು ಬೀರನಿಗೆ ಬಾಯಿ ಬರಲಿಲ್ಲ. ಹಾಗಾಗಿ ಇವತ್ತು ಅವಳು ಮಗನಿಗಿಂತ ಮೊದಲೇ ದೋಣಿಯಲ್ಲಿ ಹೊಳೆ ದಾಟಿ ಬಂದು, "ನಿಮ್ಮ ಹೊಟ್ಟೆ ತಣ್ಣಗಿರ್ಲಿ ಒಡ್ಯಾ, ರಜೆ ಕೊಟ್ರಿ, ನಾ ಉಳ್ಕಂಡೆ," ಎಂದು ಸೊಪ್ಪು ಕೊಡಲು ಹೋಗಿದ್ದಳು.

"ಸತ್ತವ್ರು ತಂದ ಸೊಪ್ಪು ಬೇಯ್ತದಾ ಸಾವ್ಕಾರ್ರೆ?" ಮೀನಿನ ಹೆಂಗಸೊಬ್ಬಳು ಕೇಳಿದಳು. ಅಂಗಳವೆಲ್ಲ ನಕ್ಕಿತು.

"ನಾ ಸತ್ತಿದ್ನನಾ ಮಗಾ?" ಎಂದಳು ಸಣ್ಣಿ.

ದಿವಾಕರ ಹಾಜರಿ ಪುಸ್ತಕ ತರಿಸಿದ. "ಇದ್ರಲ್ಲಿ ನಿನ್ನ ಅವ್ವಿ ಸತ್ತಾಗಿದೆ. ನಾ ಕಟುಕನಲ್ಲ. ಕೆಲಸ ಉಳೀಬೇಕಂದ್ರೆ ಬರ್ದು ಸಹಿ ಹಾಕು: ಇನ್ಮೇಲೆ ಅವಳ ಆಸ್ಪತ್ರೆಗೆ ರಜೆ ಕೇಳುದಿಲ್ಲ, ಅವಳು ನಿಜಕ್ಕೂ ಸತ್ತಾಗ್ಲೂ ಕೇಳುದಿಲ್ಲ. ಸೂತಕ ಮುಗ್ದಾಗಿದೆ."

ಮುಂದಿನ ಬುಧವಾರ ಅವ್ವಿಯನ್ನು ತೋರಿಸಲು ಮತ್ತೆ ಮಂಗಳೂರಿಗೆ ಒಯ್ಯಬೇಕಿತ್ತು. ಮಾತ್ರೆಗೆ ಈ ಸಂಬಳವೇ ಆಗಬೇಕಿತ್ತು.

"ಹಾಕು ಮಗಾ," ಎಂದಳು ಸಣ್ಣಿ, ಮೆತ್ತಗೆ. "ಆಯ್ತವಾರ ನಿಂಗೆ ಹೇಗೂ ರಜೆ. ನಾ ಆಯ್ತವಾರವೇ ಸಾಯ್ತೆ."

ಈ ಸಲ ಯಾರೂ ನಗಲಿಲ್ಲ.

"ಕೇಳ್ದ್ಯನಾ? ನಿಂಗಿಂತ ಅವಳಿಗೆ ಬುದ್ಧಿ ಉಂಟು." ದಿವಾಕರ ಪೆನ್ನು ಚಾಚಿದ. "ಎಂತಾ, ಹಾಕ್ತ್ಯಾ, ಇಲ್ವಾ?"

ಬೀರ ಅವ್ವಿಯ ಮಡಿಲಿನಿಂದ ಸೊಪ್ಪಿನ ಕಟ್ಟು ಎತ್ತಿಕೊಂಡ. ಇನ್ನೊಂದು ಕೈಯಲ್ಲಿ ಅವಳ ಮೊಣಕೈ ಹಿಡಿದು ಎಬ್ಬಿಸಿದ. ಪೆನ್ನು ಚಾಚಿಯೇ ಇತ್ತು. ಅವನು ಅವ್ವಿಯನ್ನು ಕರಕೊಂಡು ದೋಣಿಯ ಕಡೆ ನಡೆದ.